ಆರ್ಡಿಸಳ ಕೋವಿಗೆ ಕುದಿನೀರು

ಆಲೂಗಡ್ಡೆ ಬೇಯುತ್ತಿದ್ದ ಎರಡು ದೊಡ್ಡ ತಟ್ಟೆಗಳನ್ನು ಓವನ್ನಿನಿಂದ ಹೊರಗೆಳೆದ ಗ್ವೆನ್, ಆ ಜಾಗಕ್ಕೆ ಕೋವಿಯ ಮರದ ಹಿಡಿಯನ್ನು ತಳ್ಳಿ ಬಾಗಿಲು ಮುಚ್ಚಿದಳು. ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿದ್ದ ಉಳಿದ ಐದೂ ಹೆಂಗಸರು ಒಟ್ಟಿಗೆ ಕಿರುಚಿದರು. ಆ ಕಿರುಚಾಟಕ್ಕೆ ಮೇಲಿದ್ದ ಶವಪೆಟ್ಟಿಗೆಯ ಮುಚ್ಚಳ ಒಂದಿಂಚು ಎದ್ದು ಕೂತಿತೆಂದು ಟರ್ನಿಪ್ ಕ್ರೀಕ್ ಊರಿನಲ್ಲಿ ಇಂದಿಗೂ ಹೇಳುತ್ತಾರೆ.

"ಏನೇ ಇದು? ನಿಮ್ಮಮ್ಮನ ಮಣ್ಣಿನ ದಿನದ ಊಟ ಕಣೇ ಅದು!" ಎಂದಳು ಸೋಲ್ವೇಗ್. ಆ ಅಡುಗೆಮನೆಯಲ್ಲಿ ಗ್ವೆನ್‌ಳ ತಾಯಿ ಆರ್ಡಿಸಳ ಜೊತೆ ನಲವತ್ತು ವರ್ಷ ಸೌಟು ಹಿಡಿದವಳು.

"ಇದು ನಮ್ಮಮ್ಮನ ಕೋವಿ. ಇಪ್ಪತ್ತು ನಿಮಿಷ ಬಿಸಿ ಕೊಟ್ರೆ ಮರ ಬೆವರಿ ಗ್ರೀಸ್ ತಾನಾಗೇ ಇಳಿಯುತ್ತೆ."

"ಇನ್ನೊಂದು ವರ್ಷ ನಮ್ಮ ಕೇಕೆಲ್ಲ ಗ್ರೀಸ್ ವಾಸ್ನೆ ಹೊಡೀತವೆ."

"ಹೊಡೀಲಿ ಬಿಡಿ. ನಿಮ್ಮ ಕೇಕಿಗೂ ಒಂದು ರುಚಿ ಅಂತ ಬರುತ್ತೆ."

ಬೆಳಿಗ್ಗೆ ತಾಯಿಯ ಕಪ್ಪು ಶಾಲು ಹುಡುಕಲು ಮಂಚದ ಕೆಳಗೆ ಕೈ ಹಾಕಿದಾಗ ಗ್ವೆನ್‌ಗೆ ಸಿಕ್ಕಿದ್ದು ಮೇಣದ ಕಾಗದದ ಉದ್ದನೆಯ ಗಂಟು. ಎರಡು ವರ್ಷದ ಹಿಂದೆ ಕೈ ನಡುಗಲು ಶುರುವಾದಾಗ ಆರ್ಡಿಸಳೇ ಕೋವಿಗೆ ಗ್ರೀಸ್ ಮೆತ್ತಿ ಮಲಗಿಸಿದ್ದಳು. ಅಷ್ಟು ಗ್ರೀಸಿನಲ್ಲಿ ಮೊಂಟಾನದ ಎಲ್ಲ ರೈಲುಗಳ ಚಕ್ರಗಳು ಹತ್ತು ವರ್ಷ ಸದ್ದಿಲ್ಲದೆ ಉರುಳಬಹುದಿತ್ತು. ಜೊತೆಗೆ, ಸದ್ದು ಮಾತ್ರ ಮಾಡುವಂತೆ ಗುಂಡು ಕಿತ್ತು, ಬಾಯಿಗೆ ಮೇಣ ತುಂಬಿದ ಒಂದೇ ಒಂದು ತೋಟಾ, ಒಂದು ಚೀಟಿ.

"ಗ್ರೀಸ್ ತೆಗೆದವರಿಗೆ ಕೋವಿ. ನನ್ನ ಸಮಾಧಿಯ ಮೇಲೆ ಒಂದು ಸಲ ಹಾರಿಸಿ. ಆಮೇಲೆ ಕುದಿನೀರು, ಮರೆಯಬೇಡಿ. ಯಾರ ಅಪ್ಪಣೆಯನ್ನೂ ಕೇಳಬೇಡಿ."

ಮಣ್ಣು ಎರಡು ಗಂಟೆಗೆ. ಈಗ ಹನ್ನೊಂದೂವರೆ.

*

ಐವತ್ತಮೂರು ವರ್ಷದ ಹಿಂದೆ, ಊರಿನ ಕಬ್ಬಿಣದ ಅಂಗಡಿಯಲ್ಲಿ ಉಪ್ಪಿನಕಾಯಿ ಪೀಪಾಯಿಯೊಳಗೆ ಬ್ರಿಟಿಷ್ ಸೈನ್ಯ ಮಾರಿದ ಹಳೆಯ ಕೋವಿಗಳು ಗ್ರೀಸ್ ಮೆತ್ತಿಕೊಂಡು ಪೊರಕೆಗಳಂತೆ ನಿಂತಿದ್ದವು. ಆರ್ಡಿಸಳ ಗಂಡ ಕಾಲು ಮುರಿದುಕೊಂಡು ಮಲಗಿದ್ದ. ಚಳಿಗಾಲಕ್ಕೆ ಮನೆಯಲ್ಲಿ ಮಾಂಸವಿರಲಿಲ್ಲ. ಆರ್ಡಿಸ್ ಪೀಪಾಯಿಗೆ ಮೊಣಕೈವರೆಗೆ ಕೈ ಹಾಕಿ, ಒಂದೊಂದೇ ಕೋವಿ ಎತ್ತಿ, ಬೋಲ್ಟ್ ಕಳಚಿ, ಬೆರಳಿಗೆ ಬಟ್ಟೆ ಸುತ್ತಿ ಒರೆಸಿ, ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡತೊಡಗಿದಳು. ಹದಿನೇಳನ್ನು ಬೇಡವೆಂದು ಹಿಂದಕ್ಕಿಟ್ಟಳು.

ಆಗಷ್ಟೇ ಸೈನ್ಯದಿಂದ ಮರಳಿದ್ದ ಮೈಲೋ ಸ್ಟ್ರಾಂಡ್ ಕೌಂಟರಿಗೆ ಒರಗಿ ನಿಂತಿದ್ದ. "ಸೌಟು ಆರಿಸ್ತಿದ್ದೀಯೇನಮ್ಮ?" ಎಂದು ನಕ್ಕ.

"ಸೌಟಾದ್ರೆ ಇಷ್ಟು ಹೊತ್ತು ಯಾಕೆ ಬೇಕು? ನಿನ್ನ ತಲೆ ಮೇಲೆ ಕುಟ್ಟಿ ನೋಡಿದ್ರೆ ಸಾಕಿತ್ತು."

ಹದಿನೆಂಟನೆಯದು ಅವಳದಾಯಿತು. ಹತ್ತೊಂಬತ್ತನೆಯದನ್ನು ಮೈಲೋ ನೋಡದೆಯೇ ಕೊಂಡ. ಅವಳು ತನ್ನದನ್ನು ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಮೂರು ದಿನ ಸೀಮೆಎಣ್ಣೆ ಹಾಕಿ ತಿಕ್ಕಿದಳು, ಹಿಡಿಯನ್ನು ಓವನ್ನಿನಲ್ಲಿಟ್ಟು ಬೆವರಿಸಿದಳು. ಮನೆಯವರು ಒಂದು ತಿಂಗಳು ಗ್ರೀಸ್ ವಾಸನೆಯ ಬ್ರೆಡ್ ತಿಂದರು. ಆ ಅಕ್ಟೋಬರಿನಲ್ಲಿ ಅವಳು ಹೊಡೆದ ಎಲ್ಕ್ ಕಡವೆಯ ಕೊಂಬು ಚರ್ಚಿನ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲವಂತೆ. ಮಾಂಸವನ್ನು ಏಪ್ರಿಲ್‌ವರೆಗೂ ತಿಂದರು, ಅರ್ಧ ಊರು ಬಂದು ಕೈ ಚಾಚಿದ ಮೇಲೂ.

ಹಳೇ ಮಿಲಿಟರಿ ತೋಟಾ ಸುಟ್ಟ ಮೇಲೆ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಉಳಿಯುತ್ತದೆ. ಅದೇ ದಿನ ಕುದಿನೀರು ಸುರಿದು ತೊಳೆಯದಿದ್ದರೆ ಉಕ್ಕನ್ನು ತಿಂದುಹಾಕುತ್ತದೆ. ಆರ್ಡಿಸ್ ಮೈಲೋನಿಗೆ ಹೇಳಿದ್ದಳು. ಅವನು ಹಾರಿಸಿ, ನೇರವಾಗಿ ಬಿಯರ್ ಕುಡಿಯಲು ಹೋಗಿದ್ದ. ತುಕ್ಕು ತಿಂದ ಅವನ ಕೋವಿ ಈಗ ಅವನ ಮನೆಯಲ್ಲಿ ಪರದೆ ತೂಗುವ ಕೋಲು.

*

"ನಿಲ್ಲಿಸು ಗ್ವೆನ್."

ನಿವೃತ್ತ ಸೈನಿಕರ ಸಂಘದ ಅಧ್ಯಕ್ಷ ಮೈಲೋ ಮೆಟ್ಟಿಲ ಮೇಲೆ ನಿಂತಿದ್ದ. ಎಪ್ಪತ್ತೇಳು ವರ್ಷ, ಸಮವಸ್ತ್ರ, ಹಾಲಿನಂಥ ಬಿಳಿ ಕೈಗವಸು. ಗ್ವೆನ್ ತಾಯಿಯ ಹಳೆಯ ಫ್ಲಾನೆಲ್ ನೈಟಿಯನ್ನು ಚೂರು ಚೂರಾಗಿ ಹರಿದು ನಳಿಗೆಯೊಳಗೆ ತೂರಿಸಿ ಎಳೆಯುತ್ತಿದ್ದಳು. ಅವಳು ಕೈ ನಿಲ್ಲಿಸಲಿಲ್ಲ.

"ಚೀಟಿ ವಿಷ್ಯ ಕೇಳ್ದೆ. ಸಮಾಧಿ ಮೇಲೆ ಹಾರಿಸೋದು ಸಮವಸ್ತ್ರ ತೊಟ್ಟವರಿಗೆ. ನಿಮ್ಮಪ್ಪನಿಗೆ ಹಾರಿಸಿದ್ವಿ. ನಿಮ್ಮಮ್ಮ ತೊಟ್ಟಿದ್ದು ಏಪ್ರನ್ನು."

"ಆ ಏಪ್ರನ್ ತೊಟ್ಟೇ ನಿಮ್ಮ ಒಬ್ಬೊಬ್ಬ ಸೈನಿಕನ ಮಣ್ಣಿಗೂ ಊಟ ಹಾಕಿದ್ಲು. ಢಂ ಅನ್ನಿಸಿ, ಹೊಟ್ಟೆ ಹಸ್ಕೊಂಡು ನೀವೆಲ್ಲ ಓಡಿ ಬರ್ತಿದ್ದಿದ್ದು ಎಲ್ಲಿಗೆ?"

"ಅದು ಬೇರೆ ಮಾತು."

"ನೀವಾದ್ರೂ ಸೈನ್ಯದಲ್ಲಿ ಏನ್ ಮಾಡಿದ್ರಿ? ಕ್ಯಾನ್ಸಸ್‌ನಲ್ಲಿ ಕಂಬಳಿ ಎಣಿಸಿದ್ರಿ."

"ಒಂದೇ ಒಂದು ಕಂಬಳಿ ಕಮ್ಮಿ ಬೀಳ್ಲಿಲ್ಲ!" ಮೈಲೋನ ಕಿವಿ ಕೆಂಪಾಯಿತು. "ಕೇಳು. ಪೆಟ್ಟಿಗೆ ಹೊರೋ ಆರೂ ಜನ ನಮ್ಮೋರು. ಆ ಕೋವಿ ಸ್ಮಶಾನಕ್ಕೆ ಬಂದ್ರೆ ನಾವು ಕೈ ಹಚ್ಚೋಲ್ಲ. ಆಮೇಲೆ ಹೇಳ್ಲಿಲ್ಲ ಅನ್ಬೇಡ."

ಗ್ವೆನ್ ನಳಿಗೆಯನ್ನು ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು. ಒಳಗೆ ಬೆಳಕು ಸುರುಳಿ ಸುತ್ತಿಕೊಂಡು ಈ ತುದಿಯಿಂದ ಆ ತುದಿಗೆ ಹೋಯಿತು. ಐವತ್ತಮೂರು ವರ್ಷ, ಸಾಸಿವೆಯಷ್ಟೂ ತುಕ್ಕಿಲ್ಲ.

"ಬೇಕಾದ್ರೆ ನಾನೊಬ್ಳೇ ಎಳ್ಕೊಂಡು ಹೋಗ್ತೀನಿ," ಎಂದಳು.

ಸೋಲ್ವೇಗ್ ಸೌಟು ಕೆಳಗಿಟ್ಟಳು. "ನೀನೊಬ್ಳೇ ಯಾಕೆ? ನಲವತ್ತು ವರ್ಷ ಈ ಹಂಡೆಗಳನ್ನ ಮೇಲೆ ಕೆಳಗೆ ಹೊತ್ತಿದ್ದೀವಿ. ಆರ್ಡಿಸ್ ಏನು ಮಹಾ ಭಾರ? ಮೈಲೋ, ದಾರಿ ಬಿಡಯ್ಯ. ಮತ್ತೆ ಆ ಆಲೂಗಡ್ಡೆ ತಟ್ಟೆ ಮುಟ್ಟೀಯೆ, ಜೋಕೆ! ಹೊತ್ತೋರಿಗೆ ಮಾತ್ರ ಊಟ."

*

ಆರು ಏಪ್ರನ್ನುಗಳ ಹೆಗಲ ಮೇಲೆ ಆರ್ಡಿಸ್ ಗುಡ್ಡ ಹತ್ತಿದಳು. ಗಾಳಿ ಎಷ್ಟಿತ್ತೆಂದರೆ ಪಾದ್ರಿಯ ಪ್ರಾರ್ಥನೆ ಅರ್ಧ ದಾರಿಯಲ್ಲೇ ಪಕ್ಕದ ಜಿಲ್ಲೆಗೆ ಹಾರಿಹೋಯಿತು. ಮೈಲೋ ಮತ್ತವನ ಜನ ಸ್ಮಶಾನದ ಗೇಟಿನಾಚೆ ಕೈಕಟ್ಟಿ ನಿಂತಿದ್ದರು.

ಗ್ವೆನ್ ತೋಟಾ ತುಂಬಿ, ಕೋವಿಯನ್ನು ಖಾಲಿ ಬಯಲಿನ ಮೇಲಿನ ಆಕಾಶಕ್ಕೆ ತಿರುಗಿಸಿ, ಬೆರಳಿಟ್ಟು ಅದರ ಕುದುರೆ ಎಳೆದಳು.

ಟಿಕ್.

ಅಷ್ಟೇ. ಗೇಟಿನಾಚೆ ಯಾರೋ ಕೆಮ್ಮಿದರು. ಗ್ವೆನ್ ಕದಲಲಿಲ್ಲ. ಹಳೇ ತೋಟಾ ತಡವಾಗಿ ಎಚ್ಚರಾಗಬಹುದು, ಕೋವಿಯ ಮೂತಿ ಇಳಿಸದೆ ಮೂವತ್ತು ಎಣಿಸಬೇಕು ಎಂದು ತಾಯಿ ಕಲಿಸಿದ್ದಳು. ಎಣಿಸಿದಳು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಬೋಲ್ಟಿನ ಹಿಂದಿನ ಗುಬುಟನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ಮತ್ತೆ ಹೂಡಿದಳು.

"ಏಳಮ್ಮ," ಎಂದು ಹಲ್ಲು ಕಚ್ಚಿ ಕುದುರೆ ಎಳೆದಳು.

ಆ ಸದ್ದಿಗೆ ಗಡಿಯಾಚೆ ಕೆನಡಾದ ಹಸುಗಳು ಎರಡು ದಿನ ಹಾಲು ಕೊಡಲಿಲ್ಲ. ಕಾಗೆಗಳು ಎದ್ದು ಆಕಾಶ ಕಪ್ಪಾಯಿತು. ಗೇಟಿನಾಚೆ, ಯಾರೂ ಆಜ್ಞೆ ಕೊಡದಿದ್ದರೂ, ಒಂದು ಬಿಳಿ ಕೈಗವಸು ತಾನಾಗೇ ಹಣೆಗೆ ಏರಿತು. ಅದರ ಹಿಂದೆ ಉಳಿದವೂ ಏರಿದವು.

*

ನೆಲಮಾಳಿಗೆಯಲ್ಲಿ ಊರವರು ಉಣ್ಣುತ್ತಿದ್ದರು. ಗ್ವೆನ್ ಬೋಲ್ಟ್ ಕಳಚಿ, ಕೋವಿಯ ಮೂತಿಯನ್ನು ತೊಟ್ಟಿಗೆ ಊರಿ, ಹಿಂಬದಿಯ ತೂತಿಗೆ ಜ್ಯಾಮ್ ತುಂಬುವ ಆಲಿಕೆ ಇಟ್ಟಳು. ಎರಡು ಕೈಯೂ ಕೋವಿಗೇ ಬೇಕಾಯಿತು. ಒಲೆಯ ಮೇಲೆ ಕೆಟಲು ಕುದಿಯುತ್ತಿತ್ತು.

ಪಕ್ಕದಿಂದ ಯಾರೋ ಕೆಟಲು ಎತ್ತಿದರು.

"ಕೈಗವಸು ಹಾಳಾಗುತ್ತೆ," ಎಂದಳು ಗ್ವೆನ್, ತಿರುಗಿ ನೋಡದೆ.

"ಹಾಳಾಗ್ಲಿ. ನೀನು ನೆಟ್ಟಗೆ ಹಿಡಿ," ಎಂದ ಮೈಲೋ. ಕೆಟಲನ್ನು ಆಲಿಕೆಯ ಮೇಲೆ ಹಿಡಿದು, "ಎಷ್ಟು ಸುರೀಬೇಕು?"

"ನೀರು ತಿಳಿಯಾಗೋವರೆಗೂ."

ಅವನು ಸುರಿದ. ತೊಟ್ಟಿಗೆ ಮೊದಲು ಕಪ್ಪು ಇಳಿಯಿತು, ಆಮೇಲೆ ಬೂದು. ಹಬೆ ಮೇಲೆದ್ದು ಮೈಲೋನ ಕನ್ನಡಕವನ್ನು ಮುಚ್ಚಿತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಸೋಲ್ವೇಗ್ ಬಂದು ಗ್ರೀಸ್ ವಾಸನೆಯ ಆಲೂಗಡ್ಡೆಯ ತಟ್ಟೆಯೊಂದನ್ನು ಅವನ ಮೊಣಕೈಯ ಬಳಿ ಇಟ್ಟು ಹೋದಳು. ಅವನು ಸುರಿಯುತ್ತಲೇ ಇದ್ದ.