ಮೇಕೆಯ ಹೆಸರು

ನನ್ನ ಹೆಸರು ಅರ್ವಾ. ಹಳೆಯ ಅರಬ್ಬಿಯಲ್ಲಿ ಹಾಗೆಂದರೆ ಬೆಟ್ಟದ ಕಾಡುಮೇಕೆ, ಅದೂ ಹೆಣ್ಣು. ಗುಲಾಬಿಯಲ್ಲ, ಬೆಳದಿಂಗಳಲ್ಲ, ಮೇಕೆ. ನಗುವವರು ಈಗಲೇ ನಕ್ಕುಬಿಡಿ.

ಇಟ್ಟವಳು ಅಜ್ಜಿ. ಅಂಗೈ ಅಗಲದ ಕಲ್ಲಿನ ಮೇಲೆ ನಿಂತು, ಕೆಳಗಿನ ಪ್ರಪಾತವನ್ನು ಕ್ಯಾರೇ ಅನ್ನದೆ ಸೊಪ್ಪು ಮೇಯುವ ಪ್ರಾಣಿ ಅದು ಎನ್ನುತ್ತಿದ್ದಳು. ಮರಳುಗಾಡಿನ ಜನ ಎಂದಿನಿಂದಲೋ ಹೆಣ್ಣುಮಕ್ಕಳಿಗೆ ಈ ಹೆಸರು ಇಡುತ್ತ ಬಂದಿದ್ದಾರಂತೆ. ಬೇರೆ ಯಾವುದೂ ಸಿಗಲಿಲ್ಲವೇ ಎಂದು ಅಪ್ಪ ಗೊಣಗಿದ್ದಕ್ಕೆ, ಬಾಡಿಹೋಗುವ ಹೆಸರು ನನ್ನ ಮೊಮ್ಮಗಳಿಗೆ ಬೇಡ ಎಂದು ಬಾಯಿ ಮುಚ್ಚಿಸಿದಳಂತೆ.

ಅವಳ ಬಾಯಿಗುಣವೋ ಏನೋ, ನಾನು ಎತ್ತರದ ಕಟ್ಟಡಗಳಿಗೆ ಹೊರಗಿನಿಂದ ಬಣ್ಣ ಹೊಡೆಯುವವಳಾದೆ. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ತಾರಸಿಯಲ್ಲಿ. ನಮ್ಮಲ್ಲೊಂದು ಕಟ್ಟುಪಾಡಿದೆ. ಹಗ್ಗ ಕಟ್ಟಿದವನು ಗಂಟನ್ನು ಜಗ್ಗಿ ನೋಡಿ, ಇಳಿಯುವವರನ್ನು ಹೆಸರು ಹಿಡಿದು ಕರೆಯಬೇಕು. ಅವರು ಇದ್ದೀನಿ ಅನ್ನಬೇಕು. ಆಮೇಲಷ್ಟೇ ಕಾಲು ಗೋಡೆಯಾಚೆ. ಹಿಂದೆ ಒಬ್ಬ ಹುಡುಗ, ಇನ್ಯಾರನ್ನೋ ಕರೆದದ್ದನ್ನು ತನಗೇ ಎಂದುಕೊಂಡು, ಗಂಟು ಬೀಳದ ಹಗ್ಗದಲ್ಲಿ ಇಳಿದುಬಿಟ್ಟಿದ್ದ. ಈಗಲೂ ಕುಂಟುತ್ತಾನೆ.

ಆ ಹುಡುಗನ ತಮ್ಮನೇ ನನ್ನ ಹಗ್ಗ ಕಟ್ಟುವವನು. ಅವನನ್ನೇ ನಾನು ಮದುವೆಯಾಗುವುದಿತ್ತು. ಅವನ ಅಮ್ಮನಿಗೆ ನಾನು ಇಷ್ಟ, ನನ್ನ ಹೆಸರು ಕಷ್ಟ. ಮನೆಗೆ ಮೇಕೆ ತಂದಿದ್ದಾರೆ ಎಂದು ನೆಂಟರು ಆಡಿಕೊಳ್ಳುತ್ತಾರಲ್ಲ ಎಂಬುದೇ ಅವರ ಸಂಕಟ. ಝಹ್ರಾ ಎಂದು, ಅಂದರೆ ಹೂವು ಎಂದು, ಹೊಸ ಹೆಸರು ಆರಿಸಿ, ಈಗಿನಿಂದಲೇ ರೂಢಿ ಮಾಡಿಕೋ ಎಂದು ಮಗನಿಗೆ ಹೇಳಿದ್ದರು. ನಾನು ಸುತರಾಂ ಆಗುವುದಿಲ್ಲ ಎಂದಿದ್ದೆ. ಅವನು ಹೂಂ ಎಂದಿದ್ದ, ಇಬ್ಬರಿಗೂ.

ಒಂದು ಬೆಳಿಗ್ಗೆ ಅವನ ಅಮ್ಮ ಊಟದ ಡಬ್ಬಿ ಕೊಡುವ ನೆಪದಲ್ಲಿ ತಾರಸಿಗೇ ಹತ್ತಿ ಬಂದರು. ನಾನು ಬಯಲಿಗೆ ಬೆನ್ನು ಮಾಡಿ ಅಂಚಿನ ಗೋಡೆಯ ಮೇಲೆ ನಿಂತಿದ್ದೆ. ಅವನು ಗಂಟು ಜಗ್ಗಿದ. ಅಮ್ಮನ ಮುಖ ನೋಡಿದ.

"ಝಹ್ರಾ" ಎಂದ.

ನಾನು ನಿಂತಲ್ಲಿಂದ ಕದಲಲಿಲ್ಲ. ಅವನು ಮತ್ತೊಮ್ಮೆ ಕರೆದ. ಅಲ್ಲೇನು ಫೋಟೊ ತೆಗೆಸಿಕೊಳ್ಳಲು ನಿಂತಿದ್ದೀಯಾ ಎಂದು ಕೆಳಗಿನಿಂದ ಮೇಸ್ತ್ರಿ ಕೂಗಿದ. ಹೆಣ್ಣಿಗೆ ಇಷ್ಟು ಹಟ ಒಳ್ಳೆಯದಲ್ಲ ಎಂದರು ಅತ್ತೆಯಾಗುವವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಈ ಹಗ್ಗ ಯಾರಿಗೆ ಕಟ್ಟಿದ್ದೀಯ?" ಎಂದೆ. "ಅವಳಿಗಾದ್ರೆ ಅವಳನ್ನೇ ಇಳಿಸು. ನನಗಾದ್ರೆ ನನ್ನನ್ನ ಕರಿ. ಬೇರೆ ಹೆಸರಿಗೆ ನಾನು ಇಲ್ಲಿ ಇಳಿಯೋದೂ ಇಲ್ಲ, ನಿಮ್ಮನೆಗೆ ಬರೋದೂ ಇಲ್ಲ."

ಅವನ ಅಮ್ಮ ನನ್ನ ಹಿಮ್ಮಡಿಯನ್ನೂ ಅದರಾಚೆಯ ಬಯಲನ್ನೂ ನೋಡಿದರು. ದೊಡ್ಡ ಮಗನ ನೆನಪಾಗಿರಬೇಕು, ಮುಖ ಬಿಳಿಚಿಕೊಂಡಿತು.

"ಅವಳ ಹೆಸರು ಹಿಡಿದು ಕರಿಯೋ" ಎಂದರು ಮಗನಿಗೆ.

ಅವನು ಗಂಟನ್ನು ಮತ್ತೆ ಜಗ್ಗಿ ನೋಡಿದ. ಬಾಯಲ್ಲೇ ಏನೋ ಅಂದ. ಕೇಳಿಸಲಿಲ್ಲ ಎಂದೆ.

"ಅರ್ವಾ!"

ಕೆಳಗಿದ್ದ ಮೇಸ್ತ್ರಿಗೂ ಕೇಳಿಸಿತು. "ಇದ್ದೀನಿ" ಎಂದು ಅವನ ಅಮ್ಮನ ಕಣ್ಣಲ್ಲಿ ಕಣ್ಣಿಟ್ಟು ಹೇಳಿ, ಗೋಡೆಯಾಚೆ ಕಾಲಿಟ್ಟೆ.