ಹನ್ನೆರಡು ಅಧ್ಯಾಯಗಳು ಎಲ್ಲಿ ಹೋದವು

ತೂಕ-ಅಳತೆ ಇಲಾಖೆಯಿಂದ ನಿವೃತ್ತರಾದ ಇನ್ಸ್‌ಪೆಕ್ಟರು ಆತ್ಮಕಥೆ ಬರೆಯಲೆಂದೇ ಕಂಪ್ಯೂಟರ್ ಕೊಂಡಿದ್ದರು. ಬೀದಿಯಲ್ಲಿ ಇನ್ಯಾರ ಮನೆಯಲ್ಲೂ ಅದು ಇಲ್ಲದಿದ್ದ ಕಾಲ. ಲೋಕಕ್ಕೆ ಈ ಆತ್ಮಕಥೆ ತುರ್ತಾಗಿ ಬೇಕಾಗಿದೆ ಎಂದು ಹೇಳಿದವರು ಯಾರೂ ಇರಲಿಲ್ಲ. ಆದರೂ ಎರಡು ವರ್ಷ ಅಕ್ಷರ ಹುಡುಕಿ ಹುಡುಕಿ ಒಂದೇ ಬೆರಳಲ್ಲಿ ಕುಟ್ಟಿದರು. ಕೊನೆಯ ಅಧ್ಯಾಯ ಮುಗಿದಾಗ ಪರದೆಯ ಮೇಲೆ ‘ದಯವಿಟ್ಟು ಕಾಯಿರಿ’ ಎಂದು ಬಂತು. ಸರ್ವೀಸಿನಲ್ಲಿ ಎಂಥೆಂಥ ಸಾಹುಕಾರರನ್ನೇ ಕಾಯಿಸಿದವರು ಒಂದು ತಗಡಿನ ಪೆಟ್ಟಿಗೆಗೆ ಕಾಯುತ್ತಾರೆಯೇ? ಸ್ವಿಚ್ ಆರಿಸಿ ವಾಕಿಂಗ್ ಹೊರಟರು. ಮರುದಿನ ನೋಡಿದರೆ ಆತ್ಮಕಥೆ ಇರಬೇಕಾದ ಜಾಗದಲ್ಲಿ ಚುಕ್ಕಿ, ಅಡ್ಡಗೆರೆ, ನಡುನಡುವೆ ಹಲ್ಲು ಕಿರಿಯುವ ಪುಟ್ಟ ಮುಖಗಳು.

“ನನ್ನ ಜೀವನವೇ ಹೋಯ್ತಲ್ಲೇ!” ಎಂದು ತಲೆಯ ಮೇಲೆ ಕೈ ಹೊತ್ತು ಕೂತರು.

“ನೀವು ಇನ್ನೂ ಇದ್ದೀರಲ್ಲ,” ಎಂದರು ಹೆಂಡತಿ. “ಏಳಿ, ಮೊದ್ಲು ಮುಖ ತೊಳ್ಕೊಳ್ಳಿ.”

ಟೀವಿ ರಿಪೇರಿ ಮಾಡುತ್ತ ಮಾಡುತ್ತ ಕಂಪ್ಯೂಟರಿಗೂ ಕೈ ಹಾಕಿದ್ದ ಮೆಕ್ಯಾನಿಕ್ ಬಂದು ಪೆಟ್ಟಿಗೆ ಬಿಚ್ಚಿದ. “ಬರೆದಿದ್ದು ಒಳಗೇ ಇದೆ ಸಾರ್. ಆದ್ರೆ ಯಾವ ತುಂಡು ಆದ್ಮೇಲೆ ಯಾವ ತುಂಡು ಅಂತ ಒಂದು ಪಟ್ಟಿ ಇರುತ್ತೆ, ಅದು ಕೆಟ್ಟಿದೆ. ಸದ್ಯಕ್ಕೆ ಸಿಕ್ಕಷ್ಟು ತುಂಡು ಪ್ರಿಂಟ್ ತೆಗ್ದು ಕೊಡ್ತೀನಿ.”

“ಒಂದಕ್ಷರ ಬಿಡಬೇಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ,” ಎಂದರು ಇನ್ಸ್‌ಪೆಕ್ಟರು. ಈ ಮಾತು ಕೊರಳಿಗೆ ಉರುಳಾಗುತ್ತದೆಂದು ಆಗ ಹೊಳೆದಿರಲಿಲ್ಲ.

ಪೆಟ್ಟಿಗೆಯೊಳಗಿನ ಡಿಸ್ಕ್ ಮೆಕ್ಯಾನಿಕ್‌ನ ಅಂಗಡಿಗೆ ಹೋಯಿತು, ತುಂಡುಗಳ ಕಂತೆ ಮನೆಗೆ ಬಂತು. ಒಂದಕ್ಕೂ ತಲೆಯಿಲ್ಲ, ಬಾಲವಿಲ್ಲ. ಒಂದು ಹಾಳೆಯಲ್ಲಿ ಎಣ್ಣೆ ವ್ಯಾಪಾರಿಯನ್ನು ಹಿಡಿಯಲು ಹೊರಟವರು ಮುಂದಿನ ಹಾಳೆಯಲ್ಲಿ ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡು ನಿಂತಿದ್ದರು. ಜೋಡಿಸಲು ಕೂತ ಇನ್ಸ್‌ಪೆಕ್ಟರಿಗೆ ತಮ್ಮ ಬದುಕೇ ಬುಡಮೇಲಾದಂತೆ ಕಂಡಿತು. ಕೊನೆಗೆ ಹೆಂಡತಿ ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತರು. ಈ ಕಥೆಗಳನ್ನೆಲ್ಲ ಊಟದ ಹೊತ್ತಿಗೆ ಕೇಳಿ ಕೇಳಿ ಅವರ ಕಿವಿ ತೂತು ಬಿದ್ದಿತ್ತು. “ಇದು ಸ್ಕೂಟರ್ ತಗೊಂಡಿದ್ದು. ಇದು ಅದನ್ನ ಗೋಡೆಗೆ ಗುದ್ದಿದ್ದು. ಇದು ಗೋಡೆದೇ ತಪ್ಪು ಅಂತ ವಾದ ಮಾಡಿದ್ದು,” ಎನ್ನುತ್ತ ಸಂಜೆಯೊಳಗೆ ಸಿಕ್ಕ ಹಾಳೆಗಳನ್ನೆಲ್ಲ ಸಾಲಾಗಿಟ್ಟರು.

ಆಮೇಲೆ ಕನ್ನಡಕ ತೆಗೆದು ಕೇಳಿದರು. “ರೀ, ಸ್ಕೂಟರಿಗೆ ಮೂವತ್ತು ಪುಟ ಇದೆ. ನಾನೆಲ್ಲಿ?”

ಹೆಂಡತಿಯ ಬಗ್ಗೆ ಬರೆಯಬೇಕೆಂದು ಇನ್ಸ್‌ಪೆಕ್ಟರಿಗೆ ಹೊಳೆದೇ ಇರಲಿಲ್ಲ. “ನಿಂದಾ? ನಿಂದೇ ಹನ್ನೆರಡು ಅಧ್ಯಾಯ ಇತ್ತು ಕಣೇ! ಅವೇ ನೋಡು ಹೋಗಿರೋದು. ಹಾಳಾದ ಯಂತ್ರ!”

“ಹನ್ನೆರಡಾ?” ಹೆಂಡತಿಯ ಮುಖ ಅರಳಿತು. “ಏನೇನು ಬರೆದಿದ್ರಿ?”

“ಎಲ್ಲಾ,” ಎಂದರು. ಆ ಅರಳಿದ ಮುಖ ನೋಡಿ ಅವರಿಗೆ ಎದೆಯಲ್ಲಿ ಚುಳ್ಳೆಂದಿತು.

ಮೆಕ್ಯಾನಿಕ್ ಡಿಸ್ಕ್ ಸರಿ ಮಾಡಿ ತರುವುದರೊಳಗೆ ಆ ಹನ್ನೆರಡನ್ನು ಹೇಗಾದರೂ ಬರೆದು ತುರುಕಬೇಕೆಂದು ಕದ್ದುಮುಚ್ಚಿ ಪೆನ್ನು ಹಿಡಿದರು. ‘ನನ್ನ ಪತ್ನಿಯು’ ಎಂದು ಬರೆದು ನಿಂತರು. ಊರಿನ ಪ್ರತಿ ತಕ್ಕಡಿಯ ಒಳಗುಟ್ಟು ಬಲ್ಲ ಮನುಷ್ಯನಿಗೆ ಮನೆಯವಳ ವಿಷಯದಲ್ಲಿ ತಲೆಬುಡ ಗೊತ್ತಿರಲಿಲ್ಲ. ಮದುವೆಗೆ ಮುಂಚೆ ಯಾವುದೋ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಯಾವ ಕಚೇರಿ? ಯಾಕೆ ಬಿಟ್ಟಳು? ಅಡುಗೆಮನೆಯ ಬಾಗಿಲಿಗೆ ಹೋಗಿ ಮೆಲ್ಲನೆ ಕೇಳಿದರು, “ನೀನು ಚಿಕ್ಕವಳಿದ್ದಾಗ ನಿಮ್ಮನೇಲಿ ನಾಯಿ ಇತ್ತೇನೇ?”

“ಬರೆದಿದ್ರಲ್ಲ, ಜ್ಞಾಪಿಸ್ಕೊಳ್ಳಿ,” ಎಂದರು ಹೆಂಡತಿ, ಒಲೆಯಿಂದ ಕಣ್ಣೆತ್ತದೆ.

ಭಾನುವಾರ ಮೆಕ್ಯಾನಿಕ್ ಗೆದ್ದ ಮುಖ ಹೊತ್ತು ಬಂದು ಡಿಸ್ಕ್ ಕೂರಿಸಿದ. “ಸಾರ್, ಆ ಪಟ್ಟಿದು ಇನ್ನೊಂದು ಪ್ರತಿ ಡಿಸ್ಕಲ್ಲೇ ಇತ್ತು! ಪೂರ್ತಿ ಸಿಕ್ತು, ಒಂದಕ್ಷರ ಹೋಗಿಲ್ಲ!”

ಇನ್ಸ್‌ಪೆಕ್ಟರು ಕೆಮ್ಮಿದರು. ಕಣ್ಣು ಮಿಟುಕಿಸಿದರು. ಅವನ ಕಾಲು ತುಳಿದರು.

“ನಂದು ಹನ್ನೆರಡು ಅಧ್ಯಾಯ?” ಎಂದರು ಹೆಂಡತಿ.

“ಒಟ್ಟು ಇರೋದೇ ಹತ್ತು ಅಮ್ಮ. ಯಾಕ್ ಸಾರ್ ತುಳೀತೀರಾ?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಇನ್ಸ್‌ಪೆಕ್ಟರಿಗೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಹೆಂಡತಿ ಬೈಯಲಿಲ್ಲ. ಕಂಪ್ಯೂಟರಿನತ್ತ ಬೆರಳು ತೋರಿಸಿ ಮೆಕ್ಯಾನಿಕ್‌ನನ್ನು ಕೇಳಿದರು.

“ಇದ್ರಲ್ಲಿ ಇನ್ನೂ ಜಾಗ ಇದೆಯೇನಪ್ಪ?”

“ಬೇಕಾದಷ್ಟು ಅಮ್ಮ. ಸಾರ್ ಪುಸ್ತಕ ಒಂದು ಮೂಲೆಗೂ ಸಾಲಲ್ಲ.”

“ರೀ, ಏಳಿ,” ಎಂದರು ಹೆಂಡತಿ.

ಇನ್ಸ್‌ಪೆಕ್ಟರು ಎದ್ದರು. ಹೆಂಡತಿ ಕುರ್ಚಿ ಮುಂದಕ್ಕೆಳೆದು ಕೂತು ಕೀಲಿಮಣೆಯ ಮೇಲೆ ಹತ್ತೂ ಬೆರಳು ಇಟ್ಟರು. ಪಟಪಟ ಸದ್ದಿಗೆ ಮೆಕ್ಯಾನಿಕ್ ಬಾಯಿ ಬಿಟ್ಟು ನೋಡಿ, ಇಲ್ಲಿ ತನಗಿನ್ನು ಕೆಲಸವಿಲ್ಲವೆಂದು ಜಾಗ ಖಾಲಿ ಮಾಡಿದ. ಒಂದು ಪುಟ ತುಂಬಿತು, ಎರಡು, ಮೂರು. ಇನ್ಸ್‌ಪೆಕ್ಟರು ಭುಜದ ಹಿಂದಿನಿಂದ ಬಗ್ಗಿ ಬಗ್ಗಿ ಓದಿದರು. ತಾವೆಲ್ಲೂ ಕಾಣಲಿಲ್ಲ.

“ನಾನು ಯಾವಾಗ ಬರ್ತೀನೇ?” ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

“ಈ ಪುಟದಲ್ಲಿ ನಂಗಿನ್ನೂ ಎಂಟು ವರ್ಷ ವಯಸ್ಸು,” ಎಂದರು ಹೆಂಡತಿ, ಬೆರಳು ನಿಲ್ಲಿಸದೆ. “ಸುಮ್ನೆ ಕೂತ್ಕೊಳ್ಳಿ.”