ಮೂರು ಸಲ ಬಿಗಿ ಮಾಡಿದ ಪ್ಯಾಂಟು

ದರ್ಜಿ ಮಾಸ್ಟರು ತಮ್ಮ ಪ್ಯಾಂಟನ್ನು ಮೂರನೇ ಸಲ ಬಿಗಿ ಮಾಡಿಕೊಂಡದ್ದು ಹೆಂಡತಿ ಗುಂಡಿ ತರಲು ಪೇಟೆಗೆ ಹೋಗಿದ್ದಾಗ. ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ತಮ್ಮದೇ ಮಿಷನ್ನಿನಲ್ಲಿ ತಮ್ಮದೇ ಪ್ಯಾಂಟನ್ನು ಕಳ್ಳನಂತೆ ಹೊಲಿದರು. ಮೂವತ್ತು ವರ್ಷದಿಂದ ಊರವರ ಮೈ ಅಳೆದ ಮನುಷ್ಯನಿಗೆ ಬಂದ ಗತಿ ಇದು.

ಬೇರೆಯವರಾಗಿದ್ದರೆ ಬೆಲ್ಟಿಗೆ ಇನ್ನೊಂದು ತೂತು ಕೊರೆದು, ಕಂಡವರಿಂದೆಲ್ಲ ಸೊರಗಿದೀರಿ ಎಂದು ಹೇಳಿಸಿಕೊಳ್ಳಬೇಕಾಗಿತ್ತು. ದರ್ಜಿಗೆ ಆ ಕಷ್ಟವಿಲ್ಲ. ಸೊಂಟ ಕರಗಿದಷ್ಟು ಬಟ್ಟೆಯನ್ನು ಒಳಗೆ ಎಳೆದು ಒಂದು ಹೊಲಿಗೆ ಓಡಿಸಿದರೆ ಪ್ಯಾಂಟು ಮತ್ತೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ನೋಡುವವರ ಬಾಯಿಗೆ ಬೀಗ. ಮಿಕ್ಕ ಬಟ್ಟೆಯನ್ನು ಅವರು ಕತ್ತರಿಸುತ್ತಿರಲಿಲ್ಲ. ಗಿರಾಕಿ ನಾಳೆ ದಪ್ಪಗಾದರೆ ಬಿಚ್ಚಿ ಸಡಿಲ ಮಾಡಬಹುದು, ಒಳಗೆ ಯಾವಾಗಲೂ ಬಟ್ಟೆ ಬಿಡು ಎಂದು ಅಪ್ಪ ಕಲಿಸಿದ್ದರು. ತಮ್ಮ ಪ್ಯಾಂಟಿನಲ್ಲೂ ಬಿಟ್ಟಿದ್ದರು. ಹಳೆಯ ಹೊಲಿಗೆ ಬಿಚ್ಚುವ ಗೋಜಿಗೂ ಹೋಗಿರಲಿಲ್ಲ.

ತಮಗೇನಾಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಮಧ್ಯಾಹ್ನದೊಳಗೆ ಮೂರು ಬಾಟಲಿ ನೀರು ಖಾಲಿಯಾಗುತ್ತಿತ್ತು. ಗಿರಾಕಿಯ ಕೊರಳ ಅಳತೆ ಹಿಡಿದಿದ್ದವರು ಟೇಪನ್ನು ಅಲ್ಲೇ ನೇತುಹಾಕಿ ಹಿತ್ತಲಿಗೆ ಓಡುತ್ತಿದ್ದರು. ಸೂಜಿಯ ಕಣ್ಣು ಮಸುಕಾಗಿ ಕಾಣತೊಡಗಿದಾಗ ದಾರವನ್ನು ಬೈದರು, ಸೂಜಿಯನ್ನು ಬೈದರು, ಬಲ್ಬ್ ಬದಲಾಯಿಸಿದರು. ಕಣ್ಣಿಗೆ ಮಾತ್ರ ಏನೂ ಅನ್ನಲಿಲ್ಲ.

ಅಪ್ಪನಿಗೂ ಸಕ್ಕರೆ ಕಾಯಿಲೆ ಇತ್ತು. ಪಾದದ ಹುಣ್ಣು ತೋರಿಸಲು ನಡೆದುಕೊಂಡೇ ಆಸ್ಪತ್ರೆಗೆ ಹೋದವರು ಎಡಗಾಲು ಕಳೆದುಕೊಂಡು ಬಂದರು. ಆಮೇಲೆ ಮಿಷನ್ ತುಳಿಯಲಾಗದೆ ಮೂಲೆಯಲ್ಲಿ ಕೂತು ಗುಂಡಿಯ ಕಾಜಾ ಹೊಲಿಯುತ್ತಲೇ ಕಣ್ಣು ಮುಚ್ಚಿದರು. ಆಸ್ಪತ್ರೆ ಕಾಲು ಕಿತ್ತುಕೊಳ್ಳುವ ಜಾಗ ಎಂಬುದು ಅಂದೇ ಮಾಸ್ಟರ ಮನಸ್ಸಿನಲ್ಲಿ ಬೇರೂರಿತು. ಡಾಕ್ಟರ ಹತ್ತಿರ ಹೋಗದಿದ್ದರೆ ಕಾಯಿಲೆಗೆ ಹೆಸರಿಲ್ಲ, ಹೆಸರಿಲ್ಲದ್ದು ಏನು ಮಾಡೀತು ಎಂಬ ಲೆಕ್ಕ ಅವರದು.

ಆದರೆ ಹೆಂಡತಿಯೂ ದರ್ಜಿಯ ಹೆಂಡತಿಯೇ ತಾನೆ? ಒಗೆಯಲೆಂದು ಪ್ಯಾಂಟನ್ನು ಒಳಮೈ ತಿರುಗಿಸಿದವಳ ಕಣ್ಣಿಗೆ ಹೊಲಿಗೆಗಳ ಸಾಲು ಬಿತ್ತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅದನ್ನು ಹರಡಿ, ಟೇಪ್ ಹಿಡಿದು, ಗಂಡನನ್ನು ಕರೆದಳು.

“ಮೊದಲಿನದೂ ಸೇರಿ ಒಂದರ ಪಕ್ಕ ಒಂದು ನಾಲ್ಕು ಹೊಲಿಗೆ. ಆರು ತಿಂಗಳಲ್ಲಿ ನಾಲ್ಕು ಇಂಚು ಇಳಿದಿದೀರಿ. ಯಾರಿಗೆ ಮೋಸ ಮಾಡ್ತಿದೀರಿ?”

“ಅಯ್ಯೋ, ನಂಗೇನಾಗಿದೆ? ಗುಂಡುಕಲ್ಲಿನ ಹಾಗೆ ಇದೀನಿ.”

“ಗುಂಡುಕಲ್ಲು ಹೀಗೆ ಬಾಟಲಿಗಟ್ಟಲೆ ನೀರು ಕುಡಿಯತ್ತಾ? ಒಂದು ಸಲ ರಕ್ತ ಕೊಟ್ಟು ಬನ್ನಿ. ಡಾಕ್ಟ್ರಮ್ಮನ ಕೋಟು ತಗೊಂಡು ಹೋಗ್ತೀರಲ್ಲ, ಅಲ್ಲೇ ಕೇಳಿ.”

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮರುದಿನ ಹೊಲಿದ ಬಿಳಿ ಕೋಟನ್ನು ಹಿಡಿದು ಮಾಸ್ಟರು ಎರಡು ಬೀದಿ ಆಚೆಯ ಕ್ಲಿನಿಕ್ಕಿಗೆ ಹೋದರು. ದಾರಿಯುದ್ದಕ್ಕೂ ಕೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದರು. ಡಾಕ್ಟರಮ್ಮ ಕೋಟು ತೊಟ್ಟು ತೋಳು ಚಾಚಿದರು. ಅರ್ಧ ಇಂಚು ಉದ್ದವಾಗಿತ್ತು. ಮಾಸ್ಟರು ಸೀಮೆಸುಣ್ಣದಲ್ಲಿ ಗುರುತು ಹಾಕಿದರು.

“ಮಾಸ್ಟ್ರೇ, ತುಂಬ ಸೊರಗಿದೀರಲ್ಲ. ಆರೋಗ್ಯ ತಾನೇ?”

ಕೇಳಬೇಕಾದವರು ತಾವು, ಕೇಳಿಬಿಟ್ಟವರು ಡಾಕ್ಟರಮ್ಮ! ಮಾತನ್ನು ಇಷ್ಟು ಹತ್ತಿರ ತಂದುಕೊಟ್ಟರೂ ಮಾಸ್ಟರ ನಾಲಿಗೆ ಏಳಲಿಲ್ಲ. “ಹೊಲಿಗೆ ಚೆನ್ನಾಗಿದೆ ಅಮ್ಮ, ಅದಕ್ಕೇ ಹಾಗೆ ಕಾಣ್ತೀನಿ” ಎಂದು ನಕ್ಕುಬಿಟ್ಟರು. ಡಾಕ್ಟರಮ್ಮನೂ ನಕ್ಕರು. ಅಷ್ಟರಲ್ಲಿ ರೋಗಿಯೊಬ್ಬರು ಒಳಗೆ ಬಂದರು.

“ಕೇಳಿದೆ ಕಣೇ. ಏನೂ ಇಲ್ವಂತೆ” ಎಂದು ಮನೆಯಲ್ಲಿ ಹೇಳಿದರು. ಹೆಂಡತಿಯ ಮುಖ ಎಷ್ಟು ಹಗುರಾಯಿತೆಂದರೆ, ಅದನ್ನು ನೋಡಲಾಗದೆ ಮಾಸ್ಟರು ಮಿಷನ್ನಿಗೆ ಎಣ್ಣೆ ಬಿಡತೊಡಗಿದರು.

ಮರುದಿನ ಬೆಳಗ್ಗೆ ಕೋಟಿನ ತೋಳು ಗಿಡ್ಡ ಮಾಡಲು ಕೂತರು. ಎಂದಿನಂತೆ ಬರಿಗಾಲಲ್ಲಿ. ಚಪ್ಪಲಿ ಹಾಕಿ ತುಳಿದರೆ ಮಿಷನ್ನಿನ ಲಯ ಸಿಗದು ಎಂದು ಅವರ ನಂಬಿಕೆ. ಕೋಟಿನ ಅಂಚು ಮಿಷನ್ನಿನಿಂದ ಇಳಿದು ಪಾದದವರೆಗೆ ಜೋತಾಡುತ್ತಿತ್ತು.

“ರೀ, ಬಿಳಿ ಬಟ್ಟೆ ಮೇಲೆ ಅದೇನು ಕೆಂಪು?”

ಮಾಸ್ಟರು ಬೆರಳು ನೋಡಿಕೊಂಡರು. ಏನೂ ಆಗಿರಲಿಲ್ಲ. ಹೆಂಡತಿ ಕೆಳಗೆ ಕೂತು ಅವರ ಬಲಗಾಲನ್ನು ಮಡಿಲಿಗೆ ಎಳೆದುಕೊಂಡಳು. ಅಂಗಾಲಿನಲ್ಲಿ ಒಂದು ಗುಂಡುಪಿನ್ನು, ತಲೆಯೊಂದನ್ನು ಬಿಟ್ಟು ಪೂರ್ತಿ ಒಳಗೆ ಇಳಿದಿತ್ತು. ಹಾಗೇ ಅಂಗಡಿಯಲ್ಲೆಲ್ಲ ಓಡಾಡಿದ್ದರು, ಹಾಗೇ ಎರಡು ಗಂಟೆ ಮಿಷನ್ ತುಳಿದಿದ್ದರು. ಅವಳು ಹಲ್ಲು ಕಚ್ಚಿ ಅದನ್ನು ಎಳೆದು ತೆಗೆದಳು. ಅವಳ ಮುಖ ಕಂಡು ಮಾಸ್ಟರೇ ಸಮಾಧಾನ ಹೇಳಿದರು.

“ಹೆದರ್ಬೇಡ್ವೇ. ಒಂಚೂರೂ ನೋವಿಲ್ಲ.”

ಮಾತು ಬಾಯಿಂದ ಬಿದ್ದದ್ದೇ ತಡ, ಅವರ ಮೈ ತಣ್ಣಗಾಯಿತು. ಈ ಮಾತನ್ನು ಇದೇ ಅಂಗಡಿಯಲ್ಲಿ, ಇದೇ ಮಿಷನ್ನಿನ ಮುಂದೆ ಕೇಳಿದ್ದರು. ಪಾದದ ಹುಣ್ಣಿಗೆ ಚಿಂದಿ ಬಟ್ಟೆ ಸುತ್ತಿಕೊಂಡು ಅಪ್ಪ ಹೇಳುತ್ತಿದ್ದರು: ನೋವಿಲ್ಲ ಮಗ, ನೋವೇ ಇಲ್ಲ. ಒಂದು ದಿನವಲ್ಲ, ತಿಂಗಳುಗಟ್ಟಲೆ. ಕಾಲ್ಬೆರಳು ಕಪ್ಪಾದ ಮೇಲಷ್ಟೇ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು. ಕತೆಯ ಕೊನೆಯನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡ ಮಗ, ಆ ತಿಂಗಳುಗಳನ್ನು ಪೂರಾ ಮರೆತಿದ್ದ.

“ನೋವಾಗ್ಬೇಕಿತ್ತಲ್ರೀ” ಎಂದಳು ಹೆಂಡತಿ ಮೆಲ್ಲಗೆ. “ಡಾಕ್ಟ್ರಮ್ಮ ನಿಜವಾಗ್ಲೂ ಏನೂ ಇಲ್ಲ ಅಂದ್ರಾ?”

“ನಾನು ಕೇಳ್ಲೇ ಇಲ್ಲ.”

ಅವಳು ಅವರ ಕಾಲನ್ನು ಮಡಿಲಿಂದ ಇಳಿಸಲಿಲ್ಲ. ಬೈಯಲೂ ಇಲ್ಲ. ಸುಮ್ಮನೆ ಅತ್ತಳು. ಮದುವೆಯಾದಾಗಿನಿಂದ ಅವಳ ಬೈಗುಳ ಕೇಳಿ ಅಭ್ಯಾಸವಾಗಿದ್ದ ಮಾಸ್ಟರಿಗೆ ಆ ಅಳು ತಡೆಯಲಾಗಲಿಲ್ಲ.

ಅಂಗಡಿ ಮುಚ್ಚಿದರು. ಗಾಯಕ್ಕೆ ಬಟ್ಟೆ ಕಟ್ಟಿ, ಚಪ್ಪಲಿ ಹಾಕಿಕೊಂಡು, ಹೊರಡುವ ಮುಂಚೆ ಆ ಪಿನ್ನನ್ನು ಒಂದು ಬಟ್ಟೆಯ ಚೂರಿಗೆ ಚುಚ್ಚಿ ಜೇಬಿಗಿಟ್ಟುಕೊಂಡರು.

“ಅದ್ಯಾಕ್ರೀ?”

“ನನ್ನ ನಾಲಿಗೆ ಮೇಲೆ ನಂಗೆ ನಂಬಿಕೆ ಇಲ್ಲ.”

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಇಬ್ಬರನ್ನೂ ಕಂಡು ನಕ್ಕರು. “ಇಷ್ಟು ಬೇಗ ಆಯ್ತಾ ಮಾಸ್ಟ್ರೇ? ಕೋಟು ಎಲ್ಲಿ?”

ಸಂಜೆ ತರ್ತೀನಿ ಅಮ್ಮ ಎಂಬ ಮಾತು ಮಾಸ್ಟರ ತುಟಿಯವರೆಗೆ ಬಂದಿತ್ತು. ಅಷ್ಟು ಹೇಳಿ ತಿರುಗಿ ನಡೆದರೆ ಮುಗಿಯಿತು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅವರು ಜೇಬಿಗೆ ಕೈ ಹಾಕಿ, ಬಟ್ಟೆಯ ಚೂರನ್ನು ಮೇಜಿನ ಮೇಲೆ ಇಟ್ಟರು.

“ಇದು ಬೆಳಗ್ಗೆಯಿಂದ ನನ್ನ ಕಾಲಲ್ಲಿತ್ತು ಅಮ್ಮ. ನಂಗೆ ಗೊತ್ತೇ ಆಗ್ಲಿಲ್ಲ.”

ಡಾಕ್ಟರಮ್ಮನ ನಗು ನಿಂತಿತು. ಕುರ್ಚಿಯಿಂದ ಎದ್ದು ಬಂದು, “ಚಪ್ಪಲಿ ಬಿಟ್ಟು ಕೂತ್ಕೊಳ್ಳಿ” ಎಂದರು.

ಮಾಸ್ಟರು ಕೂತರು.